ಇಳಿಯುವುದು, ಇಳಿಸುವುದು

ಸೊರಬ, ಶಿಕಾರಿಪುರದ ಹಳ್ಳಿಕಟ್ಟೆಗಳಲ್ಲಿ ಒಂದು ಕ್ರಿಯಾಪದ ಬಹುಕಾಲದಿಂದ ಬಳಕೆಯಲ್ಲಿದೆ. ಪತ್ರಿಕೆಗಳು ‘ರಾಜೀನಾಮೆ’ ಎಂದು ಬರೆಯಲಿ, ಪಕ್ಷದ ವಕ್ತಾರರು ‘ಹೊಸ ಜವಾಬ್ದಾರಿ’ ಎನ್ನಲಿ, ಊರಿನವರು ಹೇಳುವುದು ಒಂದೇ ಮಾತು: ‘ನಮ್ಮೋರ್ನ ಇಳ್ಸಿದ್ರು.’ ಸೊರಬದಲ್ಲಿ ಈ ಮಾತು 1992ರ ನವೆಂಬರಿನದು, ಆಗ ಮುಖ್ಯಮಂತ್ರಿಯಾಗಿದ್ದ ಎಸ್. ಬಂಗಾರಪ್ಪನವರ ಕುರಿತದ್ದು. ಶಿಕಾರಿಪುರದಲ್ಲಿ ಅದು 2021ರ ಜುಲೈ 26ರದು, ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ಕುರಿತದ್ದು. ಮಳೆಗಾಲದ ಕೊನೆಯಲ್ಲಿ ಅಂಬ್ಲಿಗೊಳ ಜಲಾಶಯದ ಏರಿಯ ಮೇಲೆ ನೀರು ನೋಡಲು ಬಂದು ಕೂತವರಲ್ಲಿ ಎರಡೂ ತಾಲ್ಲೂಕಿನವರಿದ್ದರೆ, ಪಕ್ಷದ ವಿಷಯದಲ್ಲಿ ಜಗಳವಾಡುತ್ತಾರೆ, ಅಡಿಕೆ ಧಾರಣೆಯ ವಿಷಯದಲ್ಲಿ ವಾದಿಸುತ್ತಾರೆ, ಈ ಒಂದು ಕ್ರಿಯಾಪದಕ್ಕೆ ಬಂದಾಗ ಮಾತ್ರ ಇಬ್ಬರೂ ತಲೆಯಾಡಿಸುತ್ತಾರೆ.

‘ಇಳಿ’ ಎನ್ನುವುದಕ್ಕೂ ‘ಇಳಿಸು’ ಎನ್ನುವುದಕ್ಕೂ ನಡುವೆ ಇರುವುದು ಒಂದೇ ಅಕ್ಷರ. ಆ ಅಕ್ಷರದಲ್ಲಿ ಇನ್ನೊಬ್ಬರ ಕೈ ಇದೆ. ಒಬ್ಬ ಮುಖ್ಯಮಂತ್ರಿ ಹೋದಾಗ ನಾವು ಯಾರ ಕೈ, ಯಾವ ಗುಂಪಿನ ಕೈ, ಯಾವ ಜಾತಿಯ ಕೈ ಎಂದು ವಾರಗಟ್ಟಲೆ ಚರ್ಚಿಸುತ್ತೇವೆ. ಆ ಕೈ ತನ್ನ ಕೆಲಸವನ್ನು ಚೆನ್ನಾಗಿ ಮಾಡಿತೇ ಎಂದು ಕೇಳುವುದಿಲ್ಲ. ಒಂದು ಕಾದಂಬರಿಯನ್ನು, ಒಂದು ನಾಟಕದ ಪ್ರಯೋಗವನ್ನು ವಿಮರ್ಶಿಸುವಷ್ಟೇ ಶ್ರದ್ಧೆಯಿಂದ ಇದನ್ನೂ ವಿಮರ್ಶಿಸಬೇಕು ಎಂಬುದು ನನ್ನ ಅನಿಸಿಕೆ. ಯಾಕೆಂದರೆ ಸಂಸ್ಥೆಯೊಂದನ್ನು ಕೈಯಾರೆ ಕಟ್ಟಿದವರನ್ನು, ಆ ಸಂಸ್ಥೆ ಅವರಿಗಿಂತ ದೊಡ್ಡದಾಗಿ ಬೆಳೆದ ಮೇಲೆ, ಜಾಗದಿಂದ ಕದಲಿಸುವುದು ಒಂದು ಕುಶಲ ಕೆಲಸ. ಅದಕ್ಕೆ ಸಿದ್ಧತೆ ಬೇಕು, ಭಾಷೆ ಬೇಕು, ಆಮೇಲಿನ ದಿನಗಳ ಯೋಚನೆ ಬೇಕು. ನಮ್ಮ ಕಡೆ ಅದನ್ನು ಬಹಳ ಕೆಟ್ಟದಾಗಿ ಮಾಡುತ್ತೇವೆ. ರಾಜಧಾನಿಯಲ್ಲಷ್ಟೇ ಅಲ್ಲ, ಊರಿನ ಸಹಕಾರ ಸಂಘದಲ್ಲೂ ಹಾಗೆಯೇ ಮಾಡುತ್ತೇವೆ. ಆ ಸಂಘದ ವಿಷಯಕ್ಕೆ ಆಮೇಲೆ ಬರುತ್ತೇನೆ. ಅಲ್ಲಿ ನನ್ನದೂ ಪಾಲಿದೆ.

ಮೊದಲು ಶಿಕಾರಿಪುರ. ಮಂಡ್ಯ ಜಿಲ್ಲೆಯ ಬೂಕನಕೆರೆಯಲ್ಲಿ 1943ರಲ್ಲಿ ಹುಟ್ಟಿದ ಹುಡುಗ ಇಲ್ಲಿಗೆ ಬಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾದ, ಆರೆಸ್ಸೆಸ್ ಶಾಖೆ ನಡೆಸಿದ, 1975ರಲ್ಲಿ ಪುರಸಭೆಗೆ ಆರಿಸಿಬಂದ, ತುರ್ತುಪರಿಸ್ಥಿತಿಯಲ್ಲಿ ಜೈಲು ಕಂಡ, 1983ರಲ್ಲಿ ಶಾಸಕನಾದ ಎಂಬ ಕಥೆ ಇಲ್ಲಿನ ಮಕ್ಕಳಿಗೂ ಬಾಯಿಪಾಠ. ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ. 1985ರ ವಿಧಾನಸಭೆಯಲ್ಲಿ ಬಿಜೆಪಿಗೆ ಇದ್ದದ್ದು ಇಬ್ಬರು ಸದಸ್ಯರು. ಅವರಲ್ಲಿ ಯಡಿಯೂರಪ್ಪ ಒಬ್ಬರು. 1994ರಲ್ಲಿ ಆ ಎರಡು ನಲವತ್ತಾಯಿತು, 2004ರಲ್ಲಿ 79, 2008ರಲ್ಲಿ 110. ದಕ್ಷಿಣದ ಯಾವ ರಾಜ್ಯದಲ್ಲೂ ಅಧಿಕಾರ ಕಾಣದಿದ್ದ ಪಕ್ಷ ಇಲ್ಲಿ ಸರ್ಕಾರ ಮಾಡಿತು. ಇದನ್ನು ಒಬ್ಬರೇ ಮಾಡಿದರೆಂದರೆ ಅನಂತಕುಮಾರ್ ಮೊದಲಾದವರಿಗೆ ಅನ್ಯಾಯವಾಗುತ್ತದೆ. ಆದರೂ ತಾಲ್ಲೂಕು ತಾಲ್ಲೂಕಿಗೆ ತಾವೇ ಹೋಗಿ, ರೈತರ ಹೆಸರಿನಲ್ಲಿ ನಡೆದು, ಸದನದಲ್ಲಿ ಗಂಟಲು ಹರಿಯುವಂತೆ ಮಾತಾಡಿ ಪಕ್ಷಕ್ಕೆ ಕನ್ನಡದ ಮುಖವೊಂದನ್ನು ಕೊಟ್ಟವರು ಇವರೇ.

ಕಟ್ಟುವ ಕಾಲದ ಈ ವಿಧಾನಕ್ಕೆ ಒಂದು ಮಿತಿ ಇದೆ. ಎಲ್ಲ ದಾರಿಗಳೂ ಒಬ್ಬರ ಮನೆಯ ಬಾಗಿಲಿಗೆ ಬರುತ್ತವೆ. ಇಬ್ಬರು ಶಾಸಕರ ಪಕ್ಷಕ್ಕೆ ಅದು ಶಕ್ತಿ. ನೂರು ದಾಟಿದ ಪಕ್ಷಕ್ಕೆ, ಅದರಲ್ಲೂ 2019ರಲ್ಲಿ ಬೇರೆ ಪಕ್ಷಗಳನ್ನು ಬಿಟ್ಟುಬಂದವರನ್ನು ಸೇರಿಸಿಕೊಂಡು ಕಟ್ಟಿದ ಸರ್ಕಾರಕ್ಕೆ, ಅದೇ ಭಾರವಾಗುತ್ತದೆ. ಹಳಬರಿಗೆ ತಮ್ಮ ಪಾಲು ಹೋಯಿತೆಂಬ ಕೊರಗು, ಹೊಸಬರಿಗೆ ಕೊಟ್ಟ ಮಾತು ಬರಲಿಲ್ಲವೆಂಬ ಕೊರಗು, ಇಬ್ಬರಿಗೂ ಮುಖ್ಯಮಂತ್ರಿಯ ಮನೆಯವರ ಕೈ ಎಲ್ಲೆಡೆ ಇದೆಯೆಂಬ ದೂರು. ನಾಯಕರಿಗೆ ಆಗ 78 ವರ್ಷ. ಬದಲಾವಣೆ ಬೇಕು ಎಂದು ಪಕ್ಷಕ್ಕೆ ಅನ್ನಿಸಿದ್ದರೆ ಅದರಲ್ಲಿ ದ್ರೋಹವೇನೂ ಇರಲಿಲ್ಲ. ಇದನ್ನು ಒಪ್ಪದೆ ಮುಂದೆ ಹೋದರೆ ನನ್ನ ಮಾತು ಬರೀ ಅಭಿಮಾನಿಯ ಅಳಲಾಗುತ್ತದೆ.

ಆದರೆ ಆ ಜುಲೈಯನ್ನು ನೆನೆಸಿಕೊಳ್ಳಿ. ತಿಂಗಳುಗಳ ಕಾಲ ಗಾಳಿಮಾತು. ಬದಲಾವಣೆ ಇಲ್ಲ ಎಂದು ಒಂದು ದಿನ, ವರಿಷ್ಠರು ಹೇಳಿದಂತೆ ಎಂದು ಇನ್ನೊಂದು ದಿನ. ಮಠಾಧೀಶರು ಸಾಲುಗಟ್ಟಿ ಮುಖ್ಯಮಂತ್ರಿಯ ಕಾವೇರಿ ನಿವಾಸಕ್ಕೆ ಬಂದರು. ಜುಲೈ 25ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಮಾವೇಶವನ್ನೇ ಮಾಡಿದರು. ಅದೇ ದಿನ ಮುಖ್ಯಮಂತ್ರಿ ಬೆಳಗಾವಿಯಲ್ಲಿ ನೆರೆ ನೋಡುತ್ತಿದ್ದರು, ದೆಹಲಿಯ ಸಂದೇಶಕ್ಕಾಗಿ ಕಾಯುತ್ತಿರುವುದಾಗಿ ಪತ್ರಕರ್ತರಿಗೆ ಹೇಳುತ್ತಿದ್ದರು. ಊರುಗಳು ಮುಳುಗಿದ್ದ ಹೊತ್ತಿನಲ್ಲಿ ರಾಜ್ಯದ ಮುಖ್ಯಸ್ಥರೊಬ್ಬರು ನಾಳೆ ತಾವು ಇರುತ್ತೇವೆಯೋ ಇಲ್ಲವೋ ಎಂಬುದಕ್ಕೆ ಫೋನಿನತ್ತ ನೋಡಬೇಕಾಯಿತು. ಮರುದಿನ ವಿಧಾನಸೌಧದ ಬ್ಯಾಂಕ್ವೆಟ್ ಹಾಲ್‌ನಲ್ಲಿ ಸರ್ಕಾರದ ಎರಡು ವರ್ಷದ ಸಮಾರಂಭ. ಸಾಧನೆಯ ಪುಸ್ತಕ ಬಿಡುಗಡೆ ಮಾಡುವ ವೇದಿಕೆಯಲ್ಲೇ ಅವರು ರಾಜೀನಾಮೆಯ ಮಾತಾಡಿದರು. ಕಷ್ಟದ ದಿನಗಳನ್ನು ನೆನೆದು ತಮ್ಮದು ಯಾವಾಗಲೂ ಅಗ್ನಿಪರೀಕ್ಷೆಯೇ ಎಂದರು, ಗದ್ಗದಿತರಾದರು. 75 ದಾಟಿದರೂ ಎರಡು ವರ್ಷ ಅವಕಾಶ ಕೊಟ್ಟ ವರಿಷ್ಠರಿಗೆ ಕೃತಜ್ಞತೆ ಹೇಳಿದರು. ಆಮೇಲೆ ರಾಜಭವನದ ಹೊರಗೆ, ಯಾರ ಒತ್ತಡವೂ ಇಲ್ಲ, ಸ್ವಂತ ಇಚ್ಛೆಯಿಂದ ಬಿಡುತ್ತಿದ್ದೇನೆ ಎಂದರು.

ನನ್ನ ವಿಮರ್ಶೆಯೆಲ್ಲ ಈ ಕೊನೆಯ ಮಾತಿನ ಸುತ್ತಲೇ ಇದೆ.

ಕಣ್ಣು ಒಂದು ಹೇಳುತ್ತಿತ್ತು, ಮಾತು ಇನ್ನೊಂದು ಹೇಳುತ್ತಿತ್ತು. ಶಿಕಾರಿಪುರ ಕಣ್ಣನ್ನು ನಂಬಿತು. ಅಂದು ಪೇಟೆಯಲ್ಲಿ ಅಂಗಡಿಗಳ ಬಾಗಿಲು ಮುಚ್ಚಿದವು. ನಿಷ್ಠಾವಂತನೊಬ್ಬನನ್ನು ಕದಲಿಸುವ ಸಂಸ್ಥೆ ಅವನಿಂದ ಅಧಿಕಾರ ತೆಗೆದುಕೊಳ್ಳಬಹುದು, ಕುರ್ಚಿ ತೆಗೆದುಕೊಳ್ಳಬಹುದು. ಅದು ಅದರ ಹಕ್ಕು. ‘ನಾನಾಗಿಯೇ ಹೋಗುತ್ತಿದ್ದೇನೆ’ ಎಂಬ ಮಾತನ್ನೂ ಅವನ ಬಾಯಿಂದಲೇ ಬರಬೇಕೆಂದು ನಿರೀಕ್ಷಿಸುವುದು ಮಾತ್ರ ಬೇರೆಯೇ ಬಗೆಯ ಕೆಲಸ. ಸಂಸ್ಥೆ ತಾನು ಮಾಡಿದ ತೀರ್ಮಾನದ ಹೊರೆಯನ್ನು ತೀರ್ಮಾನಕ್ಕೆ ಗುರಿಯಾದವನ ತಲೆಯ ಮೇಲೇ ಇಡುತ್ತದೆ. ಅವನ ನಿಷ್ಠೆಯಿಂದ ಕಟ್ಟಕಡೆಯ ಸೇವೆಯಾಗಿ ಒಂದು ಮೌನವನ್ನು ಪಡೆಯುತ್ತದೆ. ಯಾಕೆ ಬದಲಾವಣೆ ಎಂಬುದನ್ನು ಪಕ್ಷದ ಅಧ್ಯಕ್ಷರಾಗಲಿ, ಉಸ್ತುವಾರಿಗಳಾಗಲಿ ಕರ್ನಾಟಕದ ಜನರ ಎದುರು ನಿಂತು ಬಿಡಿಸಿ ಹೇಳಲಿಲ್ಲ. ‘ಪಕ್ಷ ಬೆಳೆದಿದೆ, ಅದನ್ನು ನಡೆಸುವ ರೀತಿ ಬದಲಾಗಬೇಕಿದೆ, ಕಟ್ಟಿದವರಿಗೆ ನಾವು ಋಣಿ’ ಎಂದು ಮೂರು ವಾಕ್ಯ ಹೇಳಿದ್ದರೆ ಸಾಕಿತ್ತು. ಜನ ಒಪ್ಪುತ್ತಿದ್ದರೋ ಬಿಡುತ್ತಿದ್ದರೋ, ಕನಿಷ್ಠ ಒಪ್ಪಲು ಒಂದು ಮಾತಾದರೂ ಇರುತ್ತಿತ್ತು. ಮಾತಿಲ್ಲದ ಜಾಗದಲ್ಲಿ ಜಾತಿಯ ಲೆಕ್ಕ ಬಂದು ಕೂತಿತು.

75 ವರ್ಷದ ಮಿತಿಯ ವಿಷಯವನ್ನೂ ಇಲ್ಲಿ ಹೇಳಬೇಕು. ಅದು ಬರೆದಿಟ್ಟ ನಿಯಮವಲ್ಲ, 2014ರಲ್ಲಿ ಅಡ್ವಾಣಿ, ಮುರಳಿ ಮನೋಹರ ಜೋಶಿ ಅವರನ್ನು ಮಾರ್ಗದರ್ಶಕ ಮಂಡಲಕ್ಕೆ ಕಳಿಸಿದ ಮೇಲೆ ರೂಢಿಯಾದ ಮಾತು. ವಯಸ್ಸಿನ ಮಿತಿ ಕೆರೆಯ ಕೋಡಿಯಂತಿರಬೇಕು. ಅಂಬ್ಲಿಗೊಳದಂಥ ಜಲಾಶಯವಿರಲಿ, ಹಳ್ಳಿಯ ಸಣ್ಣ ಕೆರೆಯಿರಲಿ, ಏರಿ ಕಟ್ಟುವಾಗಲೇ ಕೋಡಿಯನ್ನೂ ಕಟ್ಟುತ್ತಾರೆ. ನೀರು ಯಾವ ಮಟ್ಟಕ್ಕೆ ಬಂದಾಗ ಹೊರಡಬೇಕು, ಯಾವ ಕಡೆಯಿಂದ ಹೊರಡಬೇಕು, ಹೊರಟ ನೀರು ಯಾವ ಹಳ್ಳ ಸೇರಬೇಕು ಎಂಬುದೆಲ್ಲ ಮೊದಲ ಮಳೆಗೆ ಮುಂಚೆಯೇ ನಿಶ್ಚಯವಾಗಿರುತ್ತದೆ. ನೀರು ತುಂಬಿ ನಿಂತಾಗ ಕೋಡಿಯ ಮಟ್ಟ ಎಷ್ಟಿರಬೇಕೆಂದು ಯಾರೂ ಸಭೆ ಸೇರುವುದಿಲ್ಲ. 2019ರಲ್ಲಿ ಸರ್ಕಾರ ರಚಿಸಲು 76 ವಯಸ್ಸಿನ ಯಡಿಯೂರಪ್ಪನವರೇ ಬೇಕಾದಾಗ ಈ ಕೋಡಿಗೆ ಮಣ್ಣಿನ ಚೀಲ ಒಟ್ಟಿ ಮಟ್ಟ ಏರಿಸಿದರು. 2021ರಲ್ಲಿ ಚೀಲ ಕಿತ್ತರು. ಬೇಕಾದಾಗ ಸಡಿಲಿಸಿ ಬೇಡವಾದಾಗ ಬಿಗಿಮಾಡುವ ವಯಸ್ಸಿನ ಮಿತಿ ಯಾರ ಗೌರವವನ್ನೂ ಕಾಯುವುದಿಲ್ಲ. ಅದರ ಗುಣವೇ ಅದು ವ್ಯಕ್ತಿಯನ್ನು ನೋಡದಿರುವುದು. ವ್ಯಕ್ತಿಯನ್ನು ನೋಡಿದ ಕ್ಷಣ ಅದು ಬೆತ್ತವಾಗುತ್ತದೆ.

ಇನ್ನು ಆಮೇಲಿನ ದಿನಗಳು. ಉತ್ತರಾಧಿಕಾರಿ ಬಸವರಾಜ ಬೊಮ್ಮಾಯಿ ಜುಲೈ 28ರಂದು ಪ್ರಮಾಣವಚನ ಸ್ವೀಕರಿಸಿದರು, ಕೆಲವೇ ದಿನಗಳಲ್ಲಿ ಯಡಿಯೂರಪ್ಪನವರಿಗೆ ಸಂಪುಟ ದರ್ಜೆಯ ಸೌಲಭ್ಯ ಕೊಡುವ ಆದೇಶ ಹೊರಟಿತು. ಅವರು ಅದನ್ನು ಬೇಡವೆಂದರು. ಮಾಜಿ ಮುಖ್ಯಮಂತ್ರಿಗೆ ಸಲ್ಲುವಷ್ಟು ಸಾಕೆಂದರು. ಈ ಸಣ್ಣ ಘಟನೆಯ ಬಗ್ಗೆ ಆಗ ಯಾರೂ ಹೆಚ್ಚು ಬರೆಯಲಿಲ್ಲ. ನನಗೆ ಅದು ಇಡೀ ಪ್ರಕರಣದ ಅತ್ಯಂತ ಘನತೆಯ ಗಳಿಗೆಯಾಗಿ ಕಂಡಿತು. ಕೊಟ್ಟದ್ದು ಕಾರು, ಮನೆ, ದರ್ಜೆ. ಕೊಡದೆ ಹೋದದ್ದು ಕೆಲಸ. ನಲವತ್ತೈದು ವರ್ಷ ಬೆಳಗಿನ ಐದಕ್ಕೆ ಎದ್ದು ಊರೂರು ತಿರುಗಿದವರಿಗೆ ಆರನೆಯ ಗಂಟೆಗೆ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಪಕ್ಷದ ಸಂಸದೀಯ ಮಂಡಳಿಗೆ ಅವರನ್ನು ಸೇರಿಸಿದ್ದು 2022ರ ಆಗಸ್ಟಿನಲ್ಲಿ, ಒಂದು ವರ್ಷದ ಮೇಲೆ, ಚುನಾವಣೆ ಹತ್ತಿರವಾದಾಗ. 2023ರ ಫೆಬ್ರುವರಿ 27ರಂದು, ಅವರ ಎಂಬತ್ತನೆಯ ಹುಟ್ಟುಹಬ್ಬಕ್ಕೆ, ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟಿಸಿದ ಪ್ರಧಾನಿ, ಸೇರಿದ್ದ ಜನರಿಂದ ಮೊಬೈಲ್ ದೀಪ ಹಚ್ಚಿಸಿ ಅವರಿಗೆ ಗೌರವ ಸಲ್ಲಿಸಿದರು. ಆ ಬೆಳಕಿನ ಹೊಲ ನೋಡಿ ನನ್ನ ಕಣ್ಣೂ ಒದ್ದೆಯಾಯಿತು. ಆದರೆ ಹತ್ತೊಂಬತ್ತು ತಿಂಗಳ ಹಿಂದೆ ಹೇಳಬೇಕಿದ್ದ ಮೂರು ವಾಕ್ಯದ ಜಾಗವನ್ನು ಸಾವಿರ ದೀಪಗಳೂ ತುಂಬಲಿಲ್ಲ.

ಯಡಿಯೂರಪ್ಪನವರು 2011ರಲ್ಲೂ ಮುಖ್ಯಮಂತ್ರಿ ಕುರ್ಚಿಯಿಂದ ಇಳಿದಿದ್ದರು. ಅದು ಬೇರೆ ಬಗೆ. ಆಗ ಕಾರಣ ಬಟ್ಟಬಯಲಾಗಿತ್ತು: ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಗಣಿ ವರದಿ ಜುಲೈ ಕೊನೆಯಲ್ಲಿ ಬಂತು, ಜುಲೈ 31ರಂದು ರಾಜೀನಾಮೆ. ಮುಂದೆ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಗಣಿ ಲಂಚದ ಆ ಪ್ರಕರಣದಲ್ಲಿ ಅವರನ್ನು ಖುಲಾಸೆಗೊಳಿಸಿತು. ಆದರೆ ಅಂಥ ವರದಿಯ ಎದುರು ಮುಖ್ಯಮಂತ್ರಿ ಕುರ್ಚಿಯಲ್ಲಿರಬಾರದೆಂಬುದು ಸರಿಯಾದ ನಿಲುವೇ. ಅಲ್ಲಿ ತಪ್ಪಿದ್ದು ಉತ್ತರಾಧಿಕಾರ. ಹೋಗುತ್ತಿದ್ದವರೇ ತಮ್ಮವರನ್ನು ಕೂರಿಸಲು ಪಟ್ಟುಹಿಡಿದರು, ಶಾಸಕರು ಮತಪತ್ರದಲ್ಲಿ ಸದಾನಂದ ಗೌಡರನ್ನು ಆರಿಸಿದರು, ವರ್ಷ ತುಂಬುವುದರೊಳಗೆ ಅದೇ ಗೌಡರು ಬೇಡವಾದರು, 2012ರ ಜುಲೈಯಲ್ಲಿ ಜಗದೀಶ ಶೆಟ್ಟರ್ ಬಂದರು. ಆ ವರ್ಷದ ಡಿಸೆಂಬರಿನಲ್ಲಿ ಹಾವೇರಿಯಲ್ಲಿ ಯಡಿಯೂರಪ್ಪನವರು ತಮ್ಮ ಪ್ರತ್ಯೇಕ ಪಕ್ಷ ಕೆಜೆಪಿಗೆ ಚಾಲನೆ ಕೊಟ್ಟರು. 2013ರ ಫಲಿತಾಂಶ: ಬಿಜೆಪಿಗೆ 40 ಸ್ಥಾನ, ಕೆಜೆಪಿಗೆ 6. ಕೆಜೆಪಿ ಪಡೆದ ಮತ ಶೇ 10ಕ್ಕೆ ಹತ್ತಿರ. ಇಳಿಸಿದವರೂ ಸೋತರು, ಇಳಿದವರೂ ಸೋತರು. ಹೊರಟವರ ನೆರಳಲ್ಲಿ ಕೂತ ಹೊಸಬರಿಗೆ ಒಂದು ದಿನವೂ ತಮ್ಮದೇ ಬಿಸಿಲು ಸಿಗಲಿಲ್ಲ.

ಸೊರಬದ ಕಥೆ ಇದಕ್ಕಿಂತ ಹಳೆಯದು, ಕೆಲವು ವಿಷಯದಲ್ಲಿ ಇನ್ನೂ ಒರಟು. ಕುಬಟೂರಿನ ಬಂಗಾರಪ್ಪ 1967ರಿಂದ ಸೊರಬದಲ್ಲಿ ಸತತವಾಗಿ ಗೆದ್ದವರು. ಅವರನ್ನು ಒಂದು ಪಕ್ಷದ ನಿಷ್ಠರೆಂದು ಕರೆದರೆ ಅವರೇ ಒಪ್ಪುತ್ತಿರಲಿಲ್ಲ. ಸಮಾಜವಾದಿಗಳಿಂದ ಹೊರಟು ಕಾಂಗ್ರೆಸ್, ಕ್ರಾಂತಿರಂಗ, ಮತ್ತೆ ಕಾಂಗ್ರೆಸ್ ಎಂದು ಅವರ ದಾರಿ ತಿರುಗಿತು. ನಿಷ್ಠೆ ಇದ್ದದ್ದು ಸೊರಬದ ಕಡೆಯಿಂದ. ಅವರು ಮುಖ್ಯಮಂತ್ರಿಯಾದ ರೀತಿಯನ್ನೇ ನೋಡಿ. 1989ರಲ್ಲಿ ಕಾಂಗ್ರೆಸ್ಸಿಗೆ 178 ಸ್ಥಾನ ತಂದುಕೊಟ್ಟ ವೀರೇಂದ್ರ ಪಾಟೀಲರು ಅನಾರೋಗ್ಯದಿಂದ ಮಲಗಿದ್ದರು. 1990ರ ಅಕ್ಟೋಬರಿನಲ್ಲಿ ಬಂದ ರಾಜೀವ್ ಗಾಂಧಿ ಅವರನ್ನು ಕಂಡು, ಹಿಂತಿರುಗುವಾಗ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಾಯಕತ್ವ ಬದಲಾವಣೆಯನ್ನು ಪತ್ರಕರ್ತರಿಗೆ ಹೇಳಿ ವಿಮಾನ ಹತ್ತಿದರು. ಆ ನಿಲ್ದಾಣದ ಪ್ರಸಂಗ ಕರ್ನಾಟಕದ ನೆನಪಿನಿಂದ ಇವತ್ತಿಗೂ ಅಳಿದಿಲ್ಲ. ಕಾಯಿಲೆಯ ಮುಖ್ಯಮಂತ್ರಿಯನ್ನು ಬದಲಿಸಬೇಕಿತ್ತೇ ಎಂದರೆ ಬಹುಶಃ ಹೌದು. ಮಂಚದ ಮೇಲಿದ್ದವರಿಗೆ ಹೇಳಬೇಕಾದ್ದನ್ನು ಮೈಕಿಗೆ ಹೇಳಬೇಕಿತ್ತೇ? ಆ ಖಾಲಿ ಜಾಗಕ್ಕೆ ಬಂದ ಬಂಗಾರಪ್ಪ ಆಶ್ರಯ, ಆರಾಧನಾ, ವಿಶ್ವ ಯೋಜನೆಗಳನ್ನು ತಂದರು, ರೈತರ ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಕೊಟ್ಟರು. ಭಿನ್ನಮತ, ಆರೋಪಗಳು, ದೆಹಲಿಯೊಡನೆ ಹದಗೆಟ್ಟ ಸಂಬಂಧ ಎಲ್ಲ ಸೇರಿ ಎರಡು ವರ್ಷಕ್ಕೆ ಅವರೂ ಹೋದರು, ವೀರಪ್ಪ ಮೊಯಿಲಿ ಬಂದರು. 1994ರಲ್ಲಿ ಬಂಗಾರಪ್ಪನವರ ಕರ್ನಾಟಕ ಕಾಂಗ್ರೆಸ್ ಪಕ್ಷ 10 ಸ್ಥಾನ ಗೆದ್ದಿತು. 178ರಿಂದ ಹೊರಟ ಕಾಂಗ್ರೆಸ್ 34ಕ್ಕೆ ಬಂದು ನಿಂತಿತು. ಐದೇ ವರ್ಷದಲ್ಲಿ ಮೂವರು ಮುಖ್ಯಮಂತ್ರಿಗಳು, ಎರಡು ಸಲ ಇಳಿಸಿದ್ದು, ಎರಡು ಸಲವೂ ಜನರಿಗೆ ಬಾಯಿಬಿಟ್ಟು ಕಾರಣ ಹೇಳಲಿಲ್ಲ.

ಈ ಅಂಕಿಗಳನ್ನು ಹಿಡಿದು ‘ಇಳಿಸಿದರೆ ಸೋಲು ಖಚಿತ’ ಎಂಬ ಲೆಕ್ಕ ಮಾಡುವವರಿದ್ದಾರೆ. ನಾನು ಮಾಡುವುದಿಲ್ಲ. 2023ರಲ್ಲಿ ಬಿಜೆಪಿ 104ರಿಂದ 66ಕ್ಕೆ ಇಳಿಯಿತು, ನಿಜ. ಆದರೆ ಅದರ ಮತಪ್ರಮಾಣ ಎರಡು ಚುನಾವಣೆಯಲ್ಲೂ ಶೇ 36ರ ಆಸುಪಾಸಿನಲ್ಲೇ ಇತ್ತು. ಸ್ಥಾನ ಹೋದದ್ದಕ್ಕೆ ಜೆಡಿಎಸ್ ಮತಗಳು ಕಾಂಗ್ರೆಸ್ಸಿನತ್ತ ಸರಿದದ್ದೂ ಕಾರಣ, ಬೆಲೆಯೇರಿಕೆಯೂ ಕಾರಣ, ಭ್ರಷ್ಟಾಚಾರದ ದೂರೂ ಕಾರಣ. ಅಗೌರವದಿಂದ ಇಳಿಸುವುದು ತಪ್ಪಾಗಲು ಅದರಿಂದ ಚುನಾವಣೆ ಸೋಲಲೇಬೇಕೆಂದಿಲ್ಲ. ಗೆದ್ದಿದ್ದರೂ ತಪ್ಪೇ.

ಚುನಾವಣೆಗಿಂತ ಆಳದಲ್ಲಿ ಆಗುವ ನಷ್ಟ ಇನ್ನೊಂದಿದೆ. ಸಂಸ್ಥೆ ತನ್ನ ಹಿರಿಯರಿಗೆ ನೇರವಾದ ದಾರಿ ತೋರದಿದ್ದಾಗ, ಹಿರಿಯರು ಮನೆಯೊಳಗೆ ದಾರಿ ಹುಡುಕುತ್ತಾರೆ. 2022ರ ಜುಲೈಯಲ್ಲಿ ಯಡಿಯೂರಪ್ಪ ಶಿಕಾರಿಪುರವನ್ನು ಮಗ ವಿಜಯೇಂದ್ರರಿಗೆ ಬಿಟ್ಟುಕೊಡುವುದಾಗಿ ಸಾರಿದರು. ಮರುವರ್ಷ ಮಗ ಅಲ್ಲಿಂದ ಗೆದ್ದರು, ನವೆಂಬರಿನಲ್ಲಿ ರಾಜ್ಯಾಧ್ಯಕ್ಷರೂ ಆದರು. ಸೊರಬದಲ್ಲಿ ಬಂಗಾರಪ್ಪನವರ ಇಬ್ಬರು ಮಕ್ಕಳು, ಕುಮಾರ್ ಮತ್ತು ಮಧು, ಎದುರುಬದುರಾಗಿ ನಿಂತು ಸೋಲುಗೆಲುವು ಹಂಚಿಕೊಳ್ಳುತ್ತ ಬಂದಿದ್ದಾರೆ. ತಂದೆಯ ನಂತರ ಮಗ ಬರುವುದನ್ನು ವಂಶಪಾರಂಪರ್ಯ ಎಂದು ಬೈಯುವುದು ಸುಲಭ. ಒಬ್ಬ ಮನುಷ್ಯ ಅರ್ಧ ಶತಮಾನ ದುಡಿದದ್ದರ ಬೆಲೆಯನ್ನು ಸಂಸ್ಥೆ ಯಾವ ರೂಪದಲ್ಲೂ ಅವನಿಗೆ ಹಿಂತಿರುಗಿಸದಿದ್ದರೆ, ಅವನು ಅದನ್ನು ರಕ್ತದ ಮೂಲಕ ಪಡೆಯಲು ನೋಡುತ್ತಾನೆ. ಆ ಬೈಗುಳದ ಅರ್ಧ ಪಾಲು ಸಂಸ್ಥೆಗೆ ಸೇರಬೇಕು.

ಚೆನ್ನಾಗಿ ಆದದ್ದೇ ಇಲ್ಲವೇ ಎಂದರೆ ಇದೆ. 1968ರಲ್ಲಿ ನಿಜಲಿಂಗಪ್ಪನವರು ಕಾಂಗ್ರೆಸ್ಸಿನ ರಾಷ್ಟ್ರೀಯ ಅಧ್ಯಕ್ಷತೆ ವಹಿಸಿಕೊಂಡು ಮುಖ್ಯಮಂತ್ರಿ ಸ್ಥಾನವನ್ನು ಇದೇ ವೀರೇಂದ್ರ ಪಾಟೀಲರಿಗೆ ಬಿಟ್ಟುಕೊಟ್ಟರು. ಹೋದವರಿಗೆ ಇನ್ನೂ ದೊಡ್ಡ ಕೆಲಸವಿತ್ತು. ಬಂದವರಿಗೆ ವಯಸ್ಸಿತ್ತು, ತರಬೇತಿಯಿತ್ತು. ಪಾಟೀಲರನ್ನೂ ರಾಮಕೃಷ್ಣ ಹೆಗಡೆಯವರನ್ನೂ ನಿಜಲಿಂಗಪ್ಪನವರ ಲವಕುಶರೆಂದು ಜನ ಕರೆಯುತ್ತಿದ್ದರು. ಪಾಟೀಲರ ಬಾಳಿನಲ್ಲಿ ಮೊದಲ ಸಲ ಅಧಿಕಾರ ಬಂದ ರೀತಿಗೂ ಎರಡನೆಯ ಸಲ ಅದು ಹೋದ ರೀತಿಗೂ ಇರುವ ಅಂತರವೇ ಇಪ್ಪತ್ತೆರಡು ವರ್ಷದಲ್ಲಿ ನಾವು ಕಳೆದುಕೊಂಡ ಸಂಸ್ಕಾರದ ಅಳತೆ. ರಾಜಕೀಯದ ಹೊರಗೆ ನೋಡಿದರೆ, ಇನ್ಫೊಸಿಸ್‌ನಲ್ಲಿ ನಾರಾಯಣ ಮೂರ್ತಿ 2002ರಲ್ಲಿ ಮುಖ್ಯಾಧಿಕಾರಿಯ ಕೆಲಸವನ್ನು ನಂದನ್ ನಿಲೇಕಣಿಯವರಿಗೆ ವಹಿಸಿದರು, 2011ರ ಆಗಸ್ಟಿನಲ್ಲಿ 65 ತುಂಬಿದ ದಿನ ಅಧ್ಯಕ್ಷತೆ ಬಿಟ್ಟರು. ದಿನಾಂಕ ಎಲ್ಲರಿಗೂ ವರ್ಷಗಳ ಮುಂಚೆಯೇ ಗೊತ್ತಿತ್ತು. ಅವಮಾನದ ಮಾತೇ ಬರಲಿಲ್ಲ. ಅಲ್ಲೂ 2013ರಲ್ಲಿ ಸಂಸ್ಥಾಪಕರನ್ನು ಮರಳಿ ಕರೆಯಬೇಕಾಯಿತು, ಹೊರಗಿನಿಂದ ಬಂದ ವಿಶಾಲ್ ಸಿಕ್ಕಾ 2017ರಲ್ಲಿ ತೊಡಕಿನ ನಡುವೆ ಹೊರಟರು ಎಂಬುದು ಬೇರೆ ಮಾತು. ಮಟ್ಟ ಗೊತ್ತುಮಾಡಿದ ಕೋಡಿ ಎಲ್ಲ ಪ್ರವಾಹವನ್ನೂ ತಡೆಯಲಾರದು, ಏರಿಯನ್ನು ಉಳಿಸುತ್ತದೆ.

ಈಗ ನಮ್ಮ ಸಂಘ. ಅಂಬ್ಲಿಗೊಳ ಕಾಲುವೆಯ ಬಯಲಿನಲ್ಲಿರುವ ಒಂದು ಕೃಷಿ ಪತ್ತಿನ ಸಹಕಾರ ಸಂಘ. ನಾನು ಒಂದು ಅವಧಿಗೆ ಅದರ ಆಡಳಿತ ಮಂಡಳಿಯಲ್ಲಿದ್ದೆ. ಅಲ್ಲಿನ ಕಾರ್ಯದರ್ಶಿ ಮೂವತ್ತು ವರ್ಷದಿಂದ ಕೆಲಸ ಮಾಡುತ್ತಿದ್ದವರು. ಸಂಘಕ್ಕೆ ಒಂದೇ ಕೋಣೆ, ಒಂದೇ ಬೀರು ಇದ್ದ ಕಾಲದಿಂದ ಗೊಬ್ಬರದ ಗೋದಾಮು, ಪಡಿತರ, ಒಡವೆ ಸಾಲ, ಠೇವಣಿ ಎಂದು ಬೆಳೆಸಿದವರು. ಖಾತೆಪುಸ್ತಕದ ಒಂದೊಂದು ಸಾಲೂ ಅವರ ಅಕ್ಷರ. ಸಾಲ ಕಟ್ಟದವರ ಮನೆಗೆ ಹೋದರೆ ವಸೂಲಿ ಎನ್ನುತ್ತಿರಲಿಲ್ಲ. ಕಾಫಿ ಕುಡಿದು, ಮಗಳ ಮದುವೆ ವಿಚಾರಿಸಿ, ಎದ್ದು ಬರುವಾಗ ‘ಅಡಿಕೆ ಒಣಗಿತಾ?’ ಎಂದು ಕೇಳುತ್ತಿದ್ದರು. ಮರುವಾರ ಹಣ ಬರುತ್ತಿತ್ತು.

ಆಮೇಲೆ ಗಣಕೀಕರಣ ಬಂತು. 2022ರಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶಕ್ಕೆ ತರುವ ಯೋಜನೆ ಮಂಜೂರು ಮಾಡಿದ್ದು ಓದುಗರಿಗೆ ಗೊತ್ತಿರಬಹುದು. ಹಳೆಯ ಲೆಕ್ಕವೆಲ್ಲ ಹೊಸ ಪರದೆಯ ಮೇಲೆ ತಾಳೆಯಾಗಬೇಕು, ಲೆಕ್ಕಪರಿಶೋಧಕರ ಪ್ರಶ್ನೆಗೆ ಅಂದೇ ಉತ್ತರ ಹೋಗಬೇಕು. ಅವರಿಗೆ ಆಗಲಿಲ್ಲ. ಕಲಿಯಲು ಮನಸ್ಸಿತ್ತು, ಬೆರಳು ಕೇಳಲಿಲ್ಲ. ತಿಂಗಳ ಪಟ್ಟಿಗಳು ತಡವಾದವು, ಎರಡು ಸಲ ಮೇಲಿನ ಬ್ಯಾಂಕಿನಿಂದ ಪತ್ರ ಬಂತು. ಸಂಘ ಅವರಿಗಿಂತ ದೊಡ್ಡದಾಗಿತ್ತು. ನಮ್ಮ ಮಂಡಳಿಯ ಎಲ್ಲರಿಗೂ ಅದು ಗೊತ್ತಿತ್ತು. ಒಬ್ಬರೂ ಅವರಿಗೆ ಹೇಳಲಿಲ್ಲ.

ನಾವು ಮಾಡಿದ್ದೇನು? ಅವರಿಲ್ಲದ ದಿನ ಸೇರಿದೆವು. ಬಿ.ಕಾಂ. ಓದಿದ ಹುಡುಗನೊಬ್ಬನನ್ನು ಗೊತ್ತುಮಾಡಿದೆವು. ಹಿರಿಯರಿಗೆ ನೋವಾಗಬಾರದೆಂದು ‘ಸಲಹೆಗಾರ’ ಎಂಬ ಹೆಸರು ಕೊಟ್ಟು, ಸಂಬಳ ಕಡಿಮೆ ಮಾಡದೆ, ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕುವುದೆಂದು ಠರಾವು ಮಾಡಿದೆವು. ಆ ಠರಾವಿನ ಕರಡು ಬರೆದದ್ದು ನಾನು. ‘ಅನಾರೋಗ್ಯದ ಕಾರಣ ಸ್ವಇಚ್ಛೆಯಿಂದ ಕಾರ್ಯದರ್ಶಿ ಹುದ್ದೆಯಿಂದ ನಿವೃತ್ತಿ ಬಯಸಿರುವುದರಿಂದ’ ಎಂದು ಬರೆದೆ. ಅವರಿಗೆ ಯಾವ ಅನಾರೋಗ್ಯವೂ ಇರಲಿಲ್ಲ. ಕಾಗದವನ್ನು ಮುಂದಿಟ್ಟಾಗ ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ‘ಸ್ವಇಚ್ಛೆಯಿಂದ’ ಎಂಬ ಪದದ ಕೆಳಗೆ ಪೆನ್ನು ಒಂದು ಗಳಿಗೆ ನಿಂತಿತು. ತಲೆಯೆತ್ತಿ ನಮ್ಮೆಲ್ಲರನ್ನೂ ನೋಡಿದರು, ಏನೂ ಕೇಳಲಿಲ್ಲ, ಸಹಿ ಹಾಕಿದರು. ಅದು ದಯೆ ಎಂದುಕೊಂಡಿದ್ದೆವು. ನಮಗೆ ನಾವೇ ತೋರಿಸಿಕೊಂಡ ದಯೆ ಅದು. ಕಷ್ಟದ ಮಾತೊಂದನ್ನು ಆಡುವ ಕಷ್ಟದಿಂದ ನಾವು ಪಾರಾದೆವು.

ಕಿಟಕಿಯ ಪಕ್ಕದ ಕುರ್ಚಿಗೆ ಅವರು ಎರಡು ತಿಂಗಳು ಬಂದರು. ಹತ್ತಕ್ಕೆ ಬಂದು ಪತ್ರಿಕೆ ಓದಿ ಒಂದಕ್ಕೆ ಏಳುತ್ತಿದ್ದರು. ರೈತರು ಅಭ್ಯಾಸಬಲದಿಂದ ಪಾಸ್‌ಬುಕ್ ಹಿಡಿದು ಮೊದಲು ಅವರ ಹತ್ತಿರ ಹೋಗುತ್ತಿದ್ದರು. ಅವರು ಕೈತೋರಿಸಿ ಹುಡುಗನ ಮೇಜಿಗೆ ಕಳಿಸುತ್ತಿದ್ದರು. ಹುಡುಗನಿಗೂ ಅದು ಶಿಕ್ಷೆ. ಬೆನ್ನ ಹಿಂದೆ ಮೂವತ್ತು ವರ್ಷ ಕೂತಿದ್ದರೆ ಯಾರ ಕೈ ಧೈರ್ಯವಾಗಿ ಓಡುತ್ತದೆ? ಮೂರನೆಯ ತಿಂಗಳು ಅವರು ಬರುವುದನ್ನು ಬಿಟ್ಟರು.

ನಿಜವಾದ ಕೆಲಸ ಇತ್ತು ಎಂಬುದು ನನ್ನನ್ನು ಇನ್ನೂ ಕಾಡುವ ಸಂಗತಿ. ಸದಸ್ಯರ ಜಮೀನಿನ ದಾಖಲೆ ಪಹಣಿಯಲ್ಲಿ ಒಂದು ಹೆಸರಿನಲ್ಲಿ, ಉಳುಮೆ ಇನ್ನೊಬ್ಬರದು, ಸಾಲ ಮೂರನೆಯವರದು. ಯಾವ ಸರ್ವೆ ನಂಬರು ಯಾವ ಪಾಲಿನಲ್ಲಿ ಯಾವ ತಮ್ಮನಿಗೆ ಹೋಯಿತು ಎಂಬುದು ಅವರ ತಲೆಯಲ್ಲಿ ಮಾತ್ರ ಇತ್ತು. ಅದನ್ನು ಸರಿಪಡಿಸುವುದಕ್ಕೆ, ಸತ್ತ ಸದಸ್ಯರ ಷೇರನ್ನು ವಾರಸುದಾರರ ಹೆಸರಿಗೆ ತರುವುದಕ್ಕೆ, ಮನೆಮನೆಗೆ ಹೋಗಿ ಬಾಕಿ ಕೇಳುವುದಕ್ಕೆ ಅವರಿಗಿಂತ ತಕ್ಕವರು ಹೋಬಳಿಯಲ್ಲೇ ಇರಲಿಲ್ಲ. ಆ ಕೆಲಸಕ್ಕೆ ಒಂದು ಹೆಸರಿಟ್ಟು, ಒಂದು ಮೇಜು ಹಾಕಿ, ಎರಡು ವರ್ಷದ ಗಡುವು ಕೊಟ್ಟಿದ್ದರೆ ಸಂಘಕ್ಕೂ ಲಾಭವಿತ್ತು. ಅದಕ್ಕೆ ಮೊದಲು ಎದುರು ಕೂತು ‘ಈ ಕೆಲಸ ನಿಮ್ಮಿಂದ ಆಗುತ್ತಿಲ್ಲ, ಆ ಕೆಲಸ ನಿಮ್ಮಿಂದ ಮಾತ್ರ ಆಗುತ್ತದೆ’ ಎನ್ನಬೇಕಿತ್ತು. ಮೊದಲ ಅರ್ಧ ಹೇಳಲು ಹೆದರಿದ್ದರಿಂದ ಎರಡನೆಯ ಅರ್ಧವೂ ನಮ್ಮ ಬಾಯಿಗೆ ಬರಲಿಲ್ಲ.

ಒಂದು ಮಳೆಗಾಲ, ಅಂಬ್ಲಿಗೊಳ ಕೋಡಿ ಬಿದ್ದಿದೆ ಎಂಬ ಸುದ್ದಿ ಕೇಳಿ ನೋಡಲು ಹೋಗಿದ್ದೆ. ಜನಜಾತ್ರೆ. ಏರಿಯ ಕೊನೆಯಲ್ಲಿ ಕಪ್ಪು ಕೊಡೆ ಹಿಡಿದು ನಿಂತಿದ್ದವರು ಅವರೇ. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ, ತಪ್ಪಿಸಿಕೊಳ್ಳಲೂ ಬಾರದು ಅನ್ನಿಸಿತು. ಹತ್ತಿರ ಹೋಗಿ, ಆ ಕಾಗದದಲ್ಲಿ ಅನಾರೋಗ್ಯ ಎಂದು ಬರೆದದ್ದು ನಾನು, ನಿಜವಾದ ಕಾರಣ ಇದು ಎಂದು ತಡವರಿಸುತ್ತ ಹೇಳಿದೆ. ನೀರಿನ ಸದ್ದಿಗೆ ಒಂದೆರಡು ಮಾತು ಅವರಿಗೆ ಕೇಳಿಸಲಿಲ್ಲ, ಮತ್ತೆ ಹೇಳಬೇಕಾಯಿತು.

‘ಅಷ್ಟೇನಾ?’ ಎಂದರು. ‘ಅವತ್ತೇ ಹೇಳಿದ್ರೆ ಆ ಕಾಗದಾನ ನಾನೇ ಬರ್ಕೊಡ್ತಿದ್ದೆ. ನಿಮಗಿಂತ ನನ್ನ ಅಕ್ಷರ ಚೆನ್ನಾಗಿದೆ.’

ಕೋಡಿಯ ನೀರನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತರು. ಆಮೇಲೆ ಈ ವರ್ಷ ಬೆಳೆಸಾಲ ಯಾರು ಯಾರಿಗೆ ಆಯಿತು ಎಂದು ವಿಚಾರಿಸಿದರು. ನೆನಪಿದ್ದಷ್ಟು ಹೇಳಿದೆ. ಒಂದು ಹೆಸರಿಗೆ ಬಂದಾಗ ಕೈಯೆತ್ತಿ ನಿಲ್ಲಿಸಿದರು.

‘ಆ ಗದ್ದೆ ಅಣ್ಣಂದಲ್ಲ, ತಮ್ಮಂದು. ಅವರ ಅಪ್ಪ ಹೋದ ವರ್ಷಾನೇ ಪಾಲಾಗಿದೆ.’

ಮರುದಿನ ಸಂಘಕ್ಕೆ ಹೋಗಿ ಹುಡುಗನಿಂದ ಕಾಗದ ತೆಗೆಸಿ ನೋಡಿದೆ. ತಮ್ಮನದೇ.